ತಂಗಿಗೆ ತಕಾಯಾಸು ಅಂದಿದ್ದಾರೆ, ಆದರೆ ಕೈಯ ನಾಡಿ ಸರಿಯಾಗಿದೆ. ನಮ್ಮ ಜನರಿಗೆ ಈ ಕಾಯಿಲೆ ಬೇರೆ ಥರ ಬರುತ್ತದಾ?

ತೀರ್ಥಹಳ್ಳಿ ಅಣ್ಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಂಗಿಗೆ 24 ವರ್ಷ. ಶಿವಮೊಗ್ಗದಲ್ಲಿ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ, ಅಲ್ಲೇ ಪಿಜಿಯಲ್ಲಿ ಇದ್ದಾಳೆ. ಒಂದು ವರ್ಷದಿಂದ ತಲೆನೋವು, ಸುಸ್ತು, ಆಗಾಗ ಸಣ್ಣ ಜ್ವರ. ಜ್ವರ ಬಂದಾಗ ಫೆಬ್ರವರಿ ಇತ್ತು, ನಮ್ಮ ಕಡೆ ಆ ಹೊತ್ತಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆ ಟೆಸ್ಟು, ಅದು ಇಲ್ಲ ಅಂತ ಬಂತು. ಅಷ್ಟಕ್ಕೇ ನಾವೆಲ್ಲ ನಿರಾಳವಾಗಿಬಿಟ್ಟೆವು. ತಲೆನೋವಿಗೆ ಅವಳು ತೋರಿಸುತ್ತಿದ್ದ ಕ್ಲಿನಿಕ್ಕಿನಲ್ಲಿ ಒಂದು ಸಲವೂ ಬಿಪಿ ಪಟ್ಟಿ ಕಟ್ಟಿರಲಿಲ್ಲ. ಈ ವಯಸ್ಸಿಗೆ ಎಂಥ ಬಿಪಿ, ಟೆನ್ಷನ್ನು, ಮೊಬೈಲ್ ಕಡಿಮೆ ಮಾಡು ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಕಡೆಗೆ ಗೊತ್ತಾಗಿದ್ದು ಹಲ್ಲಿನ ಡಾಕ್ಟರ ಹತ್ತಿರ. ದವಡೆ ಹಲ್ಲು ಕೀಳಿಸೋಕೆ ಹೋಗಿದ್ದಳು. ಕೀಳುವ ಮೊದಲು ಬಿಪಿ ನೋಡಿದರು, 190/110. ಮಿಷನ್ ಕೆಟ್ಟಿರಬೇಕು ಅಂತ ಇನ್ನೊಂದು ತಂದು ನೋಡಿದರು, 186/112. ಹಲ್ಲು ಮುಟ್ಟಲಿಲ್ಲ. ಇವತ್ತೇ ಫಿಸಿಷಿಯನ್ನರಿಗೆ ತೋರಿಸಿ, ನಾಳೆ ಅನ್ನಬೇಡಿ ಅಂತ ಚೀಟಿ ಬರೆದುಕೊಟ್ಟರು. ಆ ಪುಣ್ಯಾತ್ಮರಿಗೆ ನಾವು ಎಷ್ಟು ಕೈ ಮುಗಿದರೂ ಸಾಲದು.

ಆ ಫಿಸಿಷಿಯನ್ ಎರಡೂ ಕೈ, ಎರಡೂ ಕಾಲಲ್ಲಿ ಬಿಪಿ ನೋಡಿದರು. ಆಮೇಲೆ ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲೆ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಎಡಕ್ಕೆ ಇಟ್ಟು, ಕಣ್ಣು ಮುಚ್ಚಿಕೊಂಡು ತುಂಬಾ ಹೊತ್ತು ಕೇಳಿದರು. ನನ್ನನ್ನೂ ಕರೆದು ಕಿವಿಗೆ ಕೊಟ್ಟರು. ಸುಂಯ್, ಸುಂಯ್ ಅಂತ ಸದ್ದು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಲ್ಲಿ ಅರ್ಧ ಒತ್ತಿ ಹಿಡಿದರೆ ಬರುತ್ತದಲ್ಲ, ಅದೇ ಥರ. ನನಗೆ ಕಾಲು ನಡುಗಿತು.

ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸ್ಕ್ಯಾನ್ ಆಯಿತು. ಎಡ ಕಿಡ್ನಿಗೆ ಹೋಗುವ ರಕ್ತನಾಳ ತುಂಬಾ ಸಣ್ಣಗಾಗಿದೆ, ಹೊಟ್ಟೆಯೊಳಗಿನ ದೊಡ್ಡ ರಕ್ತನಾಳದ ಗೋಡೆಯೂ ದಪ್ಪವಾಗಿದೆ ಅಂದರು. ಮಣಿಪಾಲಕ್ಕೆ ಹೋದೆವು. ಅಲ್ಲಿ ತಕಾಯಾಸು ಆರ್ಟರೈಟಿಸ್ ಅಂದಿದ್ದಾರೆ, ದೊಡ್ಡ ರಕ್ತನಾಳಗಳ ಗೋಡೆ ಊದಿಕೊಳ್ಳುವ ಕಾಯಿಲೆಯಂತೆ. ಸ್ಟೀರಾಯ್ಡ್ ಶುರುವಾಗಿದೆ.

ಈಗ ನನ್ನ ಗೊಂದಲ. ರಾತ್ರಿಯೆಲ್ಲ ನೆಟ್ಟಿನಲ್ಲಿ ಓದಿದೆ. ಎಲ್ಲ ಕಡೆ ಇದು ನಾಡಿ ಸಿಗದ ಕಾಯಿಲೆ, ಕೈ ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ಜಪಾನಿನ ಹುಡುಗಿಯರಿಗೆ ಜಾಸ್ತಿ ಅಂತಲೇ ಇದೆ. ನಮ್ಮ ತಂಗಿಗೆ ಎರಡೂ ಕೈಯಲ್ಲಿ ನಾಡಿ ಗಟ್ಟಿಯಾಗಿ ಸಿಗುತ್ತದೆ, ನಾನೇ ಹಿಡಿದು ನೋಡಿದ್ದೇನೆ. ಕಣ್ಣೂ ಸರಿ ಇದೆ. ಹಾಗಾದರೆ ಡಾಕ್ಟರು ಹೇಳಿದ್ದು ತಪ್ಪಾ? ಅಥವಾ ಜನಾಂಗ ಬೇರೆಯಾದರೆ ಕಾಯಿಲೆಯ ರೂಪವೂ ಬೇರೆಯಾಗುತ್ತದಾ? ನಮ್ಮವರಿಗೆ ಜಾಸ್ತಿ ಅಪಾಯವಾ? ಅಮ್ಮ ಬೇರೆ, ಜಪಾನಿನ ಕಾಯಿಲೆ ನಮ್ಮ ಮನೆಗೆ ಎಲ್ಲಿಂದ ಬಂತೋ ಅಂತ ದೇವರ ಮುಂದೆ ಕೂತು ಅಳುತ್ತಾರೆ. ಇನ್ನೊಬ್ಬ ತಂಗಿ ಪಿಯುಸಿ ಓದುತ್ತಿದ್ದಾಳೆ, ಅವಳಿಗೂ ಬಂದುಬಿಡುತ್ತದಾ ಅನ್ನೋ ಭಯ.

ಗೊತ್ತಿರುವವರು ಹೇಳಿ.

---

ಊರಿನ ವೈದ್ಯೆ, ಶಿವಮೊಗ್ಗ:

ನಾನು ಮೆಡಿಸಿನ್ ಓದಿದವಳು. ನಿಮ್ಮ ತಂಗಿಯ ರಿಪೋರ್ಟು ನೋಡದೆ ಅವಳ ಬಗ್ಗೆ ಏನೂ ಹೇಳಲ್ಲ. ಕಾಯಿಲೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ನಾಡಿ ಸಿಕ್ಕಿತು ಅನ್ನೋ ಒಂದೇ ಕಾರಣಕ್ಕೆ ತಕಾಯಾಸು ಅಲ್ಲ ಅನ್ನೋಕೆ ಆಗಲ್ಲ. ನಮ್ಮ ದೇಶದಲ್ಲಂತೂ ಖಂಡಿತ ಆಗಲ್ಲ.

ಮೊದಲು ಹೆಸರಿನ ಕಥೆ, ಯಾಕೆಂದರೆ ಗೊಂದಲ ಶುರುವಾಗಿದ್ದೇ ಅಲ್ಲಿಂದ. ಮಿಕಿಟೊ ತಕಾಯಾಸು ಜಪಾನಿನ ಕಣ್ಣಿನ ಡಾಕ್ಟರು. 1908ರಲ್ಲಿ ಅಲ್ಲಿನ ಕಣ್ಣಿನ ವೈದ್ಯರ ಸಭೆಯಲ್ಲಿ 21 ವರ್ಷದ ಒಬ್ಬ ಹುಡುಗಿಯ ವಿಷಯ ಹೇಳಿದರು. ಅವಳ ಕಣ್ಣಿನ ಒಳಪರದೆಯಲ್ಲಿ ಸಣ್ಣ ರಕ್ತನಾಳಗಳು ಹೂವಿನ ದಂಡೆಯ ಹಾಗೆ ಸುತ್ತಿಕೊಂಡಿದ್ದವು. ಅದೇ ಸಭೆಯಲ್ಲಿದ್ದ ಒನಿಶಿ, ಕಾಗೋಶಿಮಾ ಅನ್ನೋ ಇನ್ನಿಬ್ಬರು ವೈದ್ಯರು, ನಾವೂ ಇಂಥ ಕಣ್ಣು ನೋಡಿದ್ದೇವೆ, ಅವರಿಗೆ ಕೈಯಲ್ಲಿ ನಾಡಿ ಸಿಗುತ್ತಿರಲಿಲ್ಲ ಅಂದರು. ಹೀಗೆ ಕಣ್ಣು, ಕೈ, ನಾಡಿ, ಹುಡುಗಿ ಇಷ್ಟೂ ಸೇರಿ ಒಂದು ಚಿತ್ರ ಬಂತು. ಮುಂದೆ ಅದಕ್ಕೆ ನಾಡಿಯಿಲ್ಲದ ಕಾಯಿಲೆ ಅಂತಲೇ ಹೆಸರು ಬಿತ್ತು. ಚಿತ್ರ ತಪ್ಪಲ್ಲ. ಆದರೆ ಅದು ಜಪಾನಿನ ರೋಗಿಗಳನ್ನು ನೋಡಿ ಬರೆದ ಚಿತ್ರ.

ಒಳಗೆ ಆಗುವುದು ಇಷ್ಟು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ. ಅದರ ಗೋಡೆಗೆ, ಅದರಿಂದ ಕವಲೊಡೆಯುವ ನಾಳಗಳ ಗೋಡೆಗೆ ದೇಹದ ರಕ್ಷಣಾ ಪಡೆಯೇ ತಿರುಗಿ ಬೀಳುತ್ತದೆ. ಗೋಡೆ ಊದಿಕೊಳ್ಳುತ್ತದೆ, ದಪ್ಪವಾಗುತ್ತದೆ, ದಾರಿ ಸಣ್ಣಗಾಗುತ್ತದೆ. ಭದ್ರಾ ನಾಲೆ ನೋಡಿದ್ದೀರಲ್ಲ. ನಾಲೆಯ ತಲೆಯ ಹತ್ತಿರ ಹೂಳು ತುಂಬಿದರೆ ತೊಂದರೆಯಾಗುವ ಊರುಗಳೇ ಬೇರೆ, ಕೆಳಗೆ ಒಂದು ತೂಬಿನ ಬಾಯಲ್ಲಿ ತುಂಬಿದರೆ ಒಣಗುವ ಗದ್ದೆಗಳೇ ಬೇರೆ. ಹೂಳು ಒಂದೇ, ನಾಲೆಯೂ ಒಂದೇ.

ಜಪಾನಿನ ರೋಗಿಗಳಲ್ಲಿ ಇದು ಜಾಸ್ತಿ ಹಿಡಿಯುವುದು ಮೇಲಿನ ಭಾಗವನ್ನು, ಅಂದರೆ ಹೃದಯದಿಂದ ಹೊರಟು ಬಾಗುವ ಜಾಗ, ಕೈಗೆ ಮತ್ತು ಕುತ್ತಿಗೆಗೆ ಹೋಗುವ ಕವಲುಗಳು. ಅದಕ್ಕೇ ನಾಡಿ ಸಿಗದಿರುವುದು, ತಲೆಸುತ್ತು, ಕಣ್ಣು ಮಂಜು. ಹೃದಯದ ಬಾಯಲ್ಲಿರುವ ವಾಲ್ವು ಸಡಿಲಾಗಿ ರಕ್ತ ಹಿಂದಕ್ಕೆ ಸೋರುವುದೂ ಅವರಲ್ಲಿ ಜಾಸ್ತಿ. ಭಾರತದ ರೋಗಿಗಳಲ್ಲಿ ಜಾಸ್ತಿ ಕಾಣುವುದು ಹೊಟ್ಟೆಯೊಳಗಿನ ಅಯೋರ್ಟಾ ಮತ್ತು ಕಿಡ್ನಿಗೆ ಹೋಗುವ ನಾಳಗಳು ಸಣ್ಣಗಾಗುವುದು. ಕಿಡ್ನಿಗೆ ರಕ್ತ ಕಡಿಮೆಯಾದರೆ ಅದು ಇಡೀ ಮೈಗೇ ರಕ್ತ ಸಾಲುತ್ತಿಲ್ಲ ಅಂದುಕೊಂಡುಬಿಡುತ್ತದೆ. ರೆನಿನ್ ಅನ್ನೋ ರಾಸಾಯನಿಕವನ್ನು ರಕ್ತಕ್ಕೆ ಬಿಡುತ್ತದೆ, ಬಿಪಿ ಏರುತ್ತದೆ. ನಮ್ಮಲ್ಲಿ ತಕಾಯಾಸು ರೋಗಿ ಡಾಕ್ಟರ ಹತ್ತಿರ ಹೆಚ್ಚಾಗಿ ಬರುವುದು ನಾಡಿ ಇಲ್ಲ ಅಂತ ಅಲ್ಲ, ತಲೆನೋವು, ಉಬ್ಬಸ, ಬಿಪಿ ಅಂತ. ನಿಮ್ಮ ತಂಗಿ ಬಂದದ್ದೂ ಇದೇ ದಾರಿಯಲ್ಲಿ. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರಿಗೆ ಕಿಡ್ನಿಯ ನಾಳ ಕಟ್ಟಿ ಬಿಪಿ ಏರಿದ್ದರೆ ಅದರ ಮುಖ್ಯ ಕಾರಣಗಳಲ್ಲಿ ತಕಾಯಾಸು ಒಂದು.

ಇದು ನನ್ನ ಅನಿಸಿಕೆ ಅಲ್ಲ. 1997ರಲ್ಲಿ ಎರಡೂ ದೇಶದ ವೈದ್ಯರು ಸೇರಿ ಜಪಾನಿನ 80, ಭಾರತದ 102 ರೋಗಿಗಳ ಆಂಜಿಯೋ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಲ್ಲಿ ಮೇಲೆ, ಇಲ್ಲಿ ಕೆಳಗೆ ಅನ್ನೋದು ಅದರಲ್ಲಿ ಎದ್ದು ಕಂಡಿತು. ಇನ್ನೊಂದು ವ್ಯತ್ಯಾಸವೂ ಕಂಡಿತು. ಜಪಾನಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಹೆಂಗಸರು. ಇಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರು, ಉಳಿದವರು ಗಂಡಸರು. ಹಾಗಾಗಿ ಹುಡುಗರಿಗೆ ಬರಲ್ಲ ಅಂತ ಕೂತರೆ ಇಲ್ಲಿ ಎಷ್ಟೋ ಹುಡುಗರು ತಪ್ಪಿಹೋಗುತ್ತಾರೆ.

ಗುರುತು ಹಿಡಿಯುವ ಅಳತೆಗೋಲಿನಲ್ಲೂ ಇದೇ ತೊಂದರೆ ಇತ್ತು. 1988ರಲ್ಲಿ ಜಪಾನಿನ ಇಶಿಕಾವಾ ಮಾಡಿದ ಅಳತೆಗೋಲು ಅಲ್ಲಿನವರಿಗೆ ಸರಿಹೊಂದುತ್ತಿತ್ತು. 90ರ ದಶಕದಲ್ಲಿ ಚಂಡೀಗಡದ ಪಿಜಿಐ ಆಸ್ಪತ್ರೆಯ ವೈದ್ಯರು ಅದನ್ನು ನಮ್ಮ ರೋಗಿಗಳಿಗೆ ಹೊಂದುವ ಹಾಗೆ ತಿದ್ದಿದರು. ನಲವತ್ತರೊಳಗೇ ಇರಬೇಕು ಅನ್ನೋ ಕಡ್ಡಾಯ ತೆಗೆದರು. ಹೊಟ್ಟೆಯ ಅಯೋರ್ಟಾ ಕೆಳಗೆ ಕಾಲಿಗೆ ಕವಲೊಡೆಯುವ ತನಕ ಹಾಳಾಗಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂದರು. ಕಾಯಿಲೆ ಈಗ ಉರಿಯುತ್ತಿದೆಯೋ ಆರಿದೆಯೋ ಅಂತ ಅಳೆಯುವುದಕ್ಕೆ ಐಟಾಸ್ 2010 ಅನ್ನೋ ಲೆಕ್ಕವನ್ನೂ ನಮ್ಮ ದೇಶದ ವೈದ್ಯರೇ ಕಟ್ಟಿದ್ದಾರೆ, ನಿಮ್ಮ ತಂಗಿಯ ಫೈಲಿನಲ್ಲಿ ಆ ಹೆಸರು ಕಾಣಿಸಿದರೆ ಗಾಬರಿಯಾಗಬೇಡಿ.

ನಮ್ಮವರಿಗೆ ಜಾಸ್ತಿ ಅಪಾಯವಾ ಅಂದಿರಿ. ಹಾಗೆ ಒಂದೇ ತಕ್ಕಡಿಯಲ್ಲಿ ತೂಗುವ ವಿಷಯ ಅಲ್ಲ. ಅವರಿಗೆ ವಾಲ್ವಿನ ಚಿಂತೆ ಜಾಸ್ತಿ, ನಮಗೆ ಬಿಪಿಯ ಚಿಂತೆ ಜಾಸ್ತಿ. ನಮ್ಮಲ್ಲಿ ಹೃದಯ ದಪ್ಪವಾಗುವುದು, ಸೋಲುವುದು, ಪಾರ್ಶ್ವವಾಯು ಹೊಡೆಯುವುದು ಬಹುಪಾಲು ಹಿಡಿತಕ್ಕೆ ಸಿಗದ ಬಿಪಿಯಿಂದ. ಅಂದರೆ ಬಿಪಿಯನ್ನು ಹಿಡಿದಿಟ್ಟರೆ ದೊಡ್ಡ ಯುದ್ಧ ಅರ್ಧ ಗೆದ್ದ ಹಾಗೆ.

---

ಸಾಗರದ ಅಕ್ಕ:

ತಮ್ಮಾ, ನಾನು ಹನ್ನೊಂದು ವರ್ಷದಿಂದ ಈ ಕಾಯಿಲೆಯ ಜೊತೆ ಇದ್ದೇನೆ. ನನಗೀಗ 41. ನಿನ್ನ ತಂಗಿಗೆ ಈ ಬರಹ ಓದಿಸು.

ಡಾಕ್ಟರಮ್ಮ ಹೇಳಿದ್ದೆಲ್ಲ ನಿಜ, ಆದರೆ ನನಗೆ ಬಂದಿರುವುದು ಜಪಾನಿನವರ ಥರ. ಸಾಗರ ಬಿಟ್ಟು ಹೊರಗೆ ಹುಟ್ಟಿದ ಒಬ್ಬರೂ ನಮ್ಮ ಮನೆತನದಲ್ಲಿ ಇಲ್ಲ. ಆದರೂ ನನ್ನ ಎಡಗೈಯಲ್ಲಿ ನಾಡಿ ಇಲ್ಲ. ಕಿಡ್ನಿ ಚೆನ್ನಾಗಿದೆ.

ಗೊತ್ತಾಗಿದ್ದು ಅಡಿಕೆ ಸುಲಿಯುವಾಗ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದೆ. ನನ್ನಷ್ಟು ಚುರುಕಾಗಿ ಸುಲಿಯುವವರು ನಮ್ಮ ಕೇರಿಯಲ್ಲಿ ಇರಲಿಲ್ಲ. ಆ ವರ್ಷ ಒಂದು ಡಬ್ಬ ತುಂಬುವಷ್ಟರಲ್ಲಿ ಎಡಗೈ ಸೀಸದ ಹಾಗೆ ಭಾರ ಆಗುತ್ತಿತ್ತು. ಕೈ ಕೆಳಗೆ ಬಿಟ್ಟು ಐದು ನಿಮಿಷ ಕೂತರೆ ಸರಿಹೋಗುತ್ತಿತ್ತು. ಮತ್ತೆ ಸುಲಿದರೆ ಮತ್ತೆ ಅದೇ. ಜಡೆ ಹಾಕೋಕೆ ಕೈ ಎತ್ತಿದರೂ ನೋವು, ಮಗಳ ಜಡೆ ಅರ್ಧಕ್ಕೆ ಬಿಟ್ಟು ಅತ್ತೆಗೆ ಕೊಡುತ್ತಿದ್ದೆ. ಎಲ್ಲರೂ ವಾಯು ಅಂದರು. ಎಣ್ಣೆ ತಿಕ್ಕಿದರು, ಬಿಸಿ ಶಾಖ ಕೊಟ್ಟರು. ಒಂದು ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ಸುಮ್ನೆ ಬಿಪಿ ನೋಡೋಣ ಅಕ್ಕ ಅಂತ ಎಡಗೈಗೆ ಪಟ್ಟಿ ಕಟ್ಟಿದಳು. ಮಿಷನ್ ಎರರ್ ತೋರಿಸಿತು. ಮೂರು ಸಲ ಹಾಗೇ ಆಯಿತು. ಬಲಗೈಗೆ ಕಟ್ಟಿದಳು, ಸರಿಯಾಗಿ ಬಂತು. ಅವಳಿಗೆ ಏನೋ ಅನುಮಾನ ಬಂದು ಎರಡೂ ಮಣಿಕಟ್ಟು ಒಟ್ಟಿಗೆ ಹಿಡಿದಳು. ಎಡಗೈ ನಾಡಿ ಸಿಗ್ತಿಲ್ಲ ಅಕ್ಕ ಅಂದಾಗ ಅವಳ ಮುಖ ನನಗಿಂತ ಬಿಳಿಚಿಕೊಂಡಿತ್ತು.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನಮ್ಮವರಿಗೆ ಹೀಗೇ ಬರೋದು ಅಂತ ಗೆರೆ ಎಳೆದುಬಿಟ್ಟರೆ ನನ್ನಂಥವರು ತಪ್ಪಿಹೋಗುತ್ತೇವೆ. ಜಪಾನಿನವರಿಗೆ ಹಾಗೇ ಬರೋದು ಅಂತ ಗೆರೆ ಎಳೆದರೆ ನಿನ್ನ ತಂಗಿ ತಪ್ಪಿಹೋಗುತ್ತಿದ್ದಳು.

ಒಂದು ಮಾತು ಮಾತ್ರ ಮರೆಯಬೇಡಿ. ನನ್ನ ಎಡಗೈಯಲ್ಲಿ ಬಿಪಿ ನೋಡಿದರೆ ಕಡಿಮೆ ತೋರಿಸುತ್ತದೆ, ಅದು ನಿಜವಾದ ಬಿಪಿ ಅಲ್ಲ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಬಲಗೈ ಚಾಚುತ್ತೇನೆ, ಫೈಲಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿಕೊಂಡಿದ್ದೇನೆ. ಎರಡೂ ಕೈ ನಾಳ ಕಟ್ಟಿದವರಿಗೆ ತೊಡೆಗೆ ದೊಡ್ಡ ಪಟ್ಟಿ ಕಟ್ಟಿ ನೋಡುತ್ತಾರೆ. ನಿನ್ನ ತಂಗಿಗೆ ಯಾವ ಕೈಕಾಲಿನ ಬಿಪಿ ನಂಬಬೇಕು ಅಂತ ಡಾಕ್ಟರನ್ನೇ ಕೇಳಿ ಬರೆದಿಟ್ಟುಕೋ.

---

ಜೀವಶಾಸ್ತ್ರ ಮೇಷ್ಟ್ರು:

ಒಳ್ಳೆಯ ಚರ್ಚೆ. ಜನಾಂಗ ಅನ್ನೋ ಪದದ ಬಗ್ಗೆ ಸ್ವಲ್ಪ ಹೇಳಬೇಕು, ಕಾಲೇಜಿನಲ್ಲಿ ಮಕ್ಕಳೂ ಇದನ್ನೇ ಕೇಳುತ್ತಾರೆ.

ಜೀನು, ಅಂದರೆ ವಂಶವಾಹಿ, ಇಲ್ಲಿ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಎಚ್‌ಎಲ್‌ಎ ಬಿ52 ಅನ್ನೋ ಒಂದು ಜೀನಿನ ಗುರುತು ತಕಾಯಾಸು ರೋಗಿಗಳಲ್ಲಿ ಬೇರೆಯವರಿಗಿಂತ ಜಾಸ್ತಿ ಸಿಗುತ್ತದೆ. ಮೊದಲು ಸಿಕ್ಕಿದ್ದು ಜಪಾನಿನಲ್ಲಿ. ಆಮೇಲೆ ಟರ್ಕಿಯಲ್ಲೂ ಭಾರತದಲ್ಲೂ ಸಿಕ್ಕಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಗುರುತು ಎರಡೂ ದೇಶದಲ್ಲಿ ಒಂದೇ, ಆದರೂ ಕಾಯಿಲೆ ಅಲ್ಲಿ ಮೇಲೆ ಹಿಡಿಯುತ್ತದೆ, ಇಲ್ಲಿ ಕೆಳಗೆ. ಆ ಒಂದು ಗುರುತಿನಿಂದ ಎಲ್ಲವನ್ನೂ ವಿವರಿಸೋಕೆ ಆಗಲ್ಲ ಅಂತಾಯಿತು. ಅಷ್ಟೇ ಅಲ್ಲ, ಬಿ52 ಇರುವವರಲ್ಲಿ ಬಹುಪಾಲು ಜನರಿಗೆ ಈ ಕಾಯಿಲೆ ಎಂದೂ ಬರುವುದೇ ಇಲ್ಲ, ಇಲ್ಲದ ಎಷ್ಟೋ ಜನರಿಗೆ ಬರುತ್ತದೆ.

ರಕ್ತನಾಳದ ಕಾಯಿಲೆಗಳಲ್ಲೇ ನನಗೆ ತುಂಬಾ ಇಷ್ಟವಾದ ಎರಡು ಉದಾಹರಣೆ ಇವೆ. ಒಂದು ಕವಾಸಾಕಿ, ಸಣ್ಣ ಮಕ್ಕಳಿಗೆ ಬರುವುದು, 1967ರಲ್ಲಿ ಟೊಮಿಸಾಕು ಕವಾಸಾಕಿ ಅನ್ನೋ ಮಕ್ಕಳ ಡಾಕ್ಟರು ಜಪಾನಿನಲ್ಲಿ ವಿವರಿಸಿದ್ದು. ಜಪಾನಿನಿಂದ ಹವಾಯಿಗೆ ಹೋಗಿ ನೆಲೆಸಿದವರ ಮಕ್ಕಳಲ್ಲಿ, ಅಮೆರಿಕದ ಊಟ ಅಮೆರಿಕದ ಗಾಳಿಯಲ್ಲೇ ಬೆಳೆದರೂ, ಅಲ್ಲಿನ ಬಿಳಿಯರ ಮಕ್ಕಳಿಗಿಂತ ಈ ಕಾಯಿಲೆ ಎಷ್ಟೋ ಪಟ್ಟು ಜಾಸ್ತಿ. ಅಂದರೆ ಜೀನು ಹಡಗು ಹತ್ತಿ ಜೊತೆಗೇ ಹೋಯಿತು. ಇನ್ನೊಂದು ಬೆಹ್ಚೆಟ್ ಕಾಯಿಲೆ. ಇದು ಟರ್ಕಿಯಿಂದ ಜಪಾನಿನವರೆಗೆ ಹಳೆಯ ರೇಷ್ಮೆ ದಾರಿಯುದ್ದಕ್ಕೂ ಜಾಸ್ತಿ. ಜರ್ಮನಿಗೆ ಹೋಗಿ ನೆಲೆಸಿದ ಟರ್ಕಿಯವರಲ್ಲಿ ಇದು ಜರ್ಮನ್ನರಿಗಿಂತ ಜಾಸ್ತಿಯೇ, ಆದರೆ ಟರ್ಕಿಯಲ್ಲೇ ಉಳಿದವರಿಗಿಂತ ಕಡಿಮೆ. ಇಲ್ಲಿ ಊರು ಬದಲಾದದ್ದೂ ಲೆಕ್ಕಕ್ಕೆ ಬಂತು. ಜೀನು, ಊರು ಎರಡೂ ಸೇರಿ ಕೆಲಸ ಮಾಡುತ್ತವೆ, ಎಷ್ಟೆಷ್ಟು ಪಾಲು ಅನ್ನೋದು ಕಾಯಿಲೆಯಿಂದ ಕಾಯಿಲೆಗೆ ಬೇರೆ.

ನಮ್ಮ ದೇಶದಲ್ಲಿ ತಕಾಯಾಸು ಬಗ್ಗೆ ತುಂಬಾ ಕಾಲ ಕ್ಷಯದ ಮೇಲೆ ಅನುಮಾನ ಇತ್ತು. ಇಲ್ಲಿ ಕ್ಷಯ ಜಾಸ್ತಿ, ರೋಗಿಗಳಲ್ಲಿ ಮಾಂಟೂ ಅನ್ನೋ ಕ್ಷಯದ ಚರ್ಮದ ಟೆಸ್ಟು ಪಾಸಿಟಿವ್ ಬರುವುದೂ ಜಾಸ್ತಿ. ಆದರೆ ರಕ್ತನಾಳದ ಗೋಡೆಯಲ್ಲಿ ಕ್ಷಯದ ಕ್ರಿಮಿಯೇ ಕೂತು ಇದನ್ನು ಮಾಡುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ.

ಇನ್ನೊಂದು ಅನುಮಾನವನ್ನೂ ಇಟ್ಟುಕೊಳ್ಳಬೇಕು. ಈ ಹೋಲಿಕೆಗಳೆಲ್ಲ ದೊಡ್ಡ ಆಸ್ಪತ್ರೆಗೆ ಬಂದು ಸೇರಿದವರ ಲೆಕ್ಕ. ಹೃದಯ, ಬಿಪಿ ನೋಡುವ ವಿಭಾಗಕ್ಕೆ ಬರುವವರಲ್ಲಿ ಬಿಪಿ ಇದ್ದವರೇ ಜಾಸ್ತಿ ಇರುತ್ತಾರೆ ಅಲ್ವಾ. ಅಕ್ಕನ ಥರ ಕೈ ನೋವು ಅಂತ ಎಣ್ಣೆ ತಿಕ್ಕಿಕೊಂಡು ಮನೆಯಲ್ಲೇ ಉಳಿದವರು ಆ ಲೆಕ್ಕಕ್ಕೆ ಬಂದಿರುವುದೇ ಇಲ್ಲ. ವ್ಯತ್ಯಾಸ ಸುಳ್ಳು ಅನ್ನುತ್ತಿಲ್ಲ ನಾನು, ಹಲವು ಕಡೆಯ ವೈದ್ಯರು ಮತ್ತೆ ಮತ್ತೆ ನೋಡಿದ್ದಾರೆ. ಆದರೆ ಅದು ಗುಂಪಿನ ಮಾತು. ಒಬ್ಬ ರೋಗಿ ಮುಂದೆ ಕೂತಾಗ ಅವರ ನಾಡಿ ಹಿಡಿದೇ ನೋಡಬೇಕು.

ಚಿಕ್ಕ ತಂಗಿಯ ಬಗ್ಗೆ ಕೇಳಿದ್ದಿರಿ. ಅಪ್ಪ ಅಮ್ಮನಿಂದ ಮಕ್ಕಳಿಗೆ ನೇರ ಇಳಿಯುವ ಕಾಯಿಲೆ ಇದಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಬಂದದ್ದು ಇದೆ, ಆದರೆ ಬಹಳ ಅಪರೂಪ.

---

ತೀರ್ಥಹಳ್ಳಿ ಅಣ್ಣ:

ಮೂವರಿಗೂ ತುಂಬಾ ಋಣಿ. ಸಾಗರದ ಅಕ್ಕ ಬರೆದಿದ್ದನ್ನು ತಂಗಿಗೆ ಓದಿ ಹೇಳಿದೆ. ಇಷ್ಟು ದಿನ ಗೋಡೆ ಕಡೆ ತಿರುಗಿ ಮಲಗುತ್ತಿದ್ದವಳು ಎದ್ದು ಕೂತು, ಆ ಅಕ್ಕ ಈಗಲೂ ಅಡಿಕೆ ಸುಲಿಯುತ್ತಾರಾ ಕೇಳು ಅಂದಳು.

ಅಮ್ಮನಿಗೂ ವಿವರಿಸಿದೆ. ಜಪಾನಿನ ಡಾಕ್ಟರು ಹೆಸರಿಟ್ಟರು ಅಷ್ಟೇ, ಕಾಯಿಲೆ ಅಲ್ಲಿಂದ ಬಂದದ್ದಲ್ಲ ಅಂದೆ. ಮಂಗನ ಕಾಯಿಲೆಗೆ ನಮ್ಮ ಸೊರಬದ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟಿಲ್ವಾ, ಅದು ಬೇರೆ ಜಿಲ್ಲೆಗೆ ಹೋದರೂ ಅದೇ ಹೆಸರು ಅಂದಾಗ ಅವರಿಗೆ ಅರ್ಥ ಆಯಿತು.

ಇನ್ನೂ ಎರಡು ವಿಷಯ. ಮಣಿಪಾಲದಲ್ಲಿ ಕಿಡ್ನಿಯ ನಾಳವನ್ನು ಬಲೂನು ಹಾಕಿ ಅಗಲ ಮಾಡಬಹುದು, ಆದರೆ ಈಗಲೇ ಬೇಡ ಅಂದರು. ಯಾಕೆ ಕಾಯಬೇಕು? ಇನ್ನೊಂದು, ಮದುವೆ ಮಾತು ನಡೆಯುತ್ತಿತ್ತು. ನಿಲ್ಲಿಸಬೇಕಾ ಅಂತ ಅಪ್ಪಯ್ಯ ಕೇಳುತ್ತಿದ್ದಾರೆ.

---

ಊರಿನ ವೈದ್ಯೆ, ಶಿವಮೊಗ್ಗ:

ಕಾಯುವುದಕ್ಕೆ ಕಾರಣ ಇದೆ. ಗೋಡೆ ಇನ್ನೂ ಉರಿಯುತ್ತಿರುವಾಗ ಬಲೂನು ಹಾಕಿದರೆ ಮತ್ತೆ ಸಣ್ಣಗಾಗುವ ಸಂಭವ ಜಾಸ್ತಿ. ಮೊದಲು ಔಷಧಿಯಿಂದ ಉರಿ ಆರಿಸುತ್ತಾರೆ, ಆಮೇಲೆ ದಾರಿ ಅಗಲ ಮಾಡುತ್ತಾರೆ. ಬಿಪಿ ಎಷ್ಟು ಮಾತ್ರೆ ಕೊಟ್ಟರೂ ಇಳಿಯದೆ ಹೃದಯಕ್ಕೆ ತೊಂದರೆಯಾದರೆ ಮಾತ್ರ ಬೇಗ ಮಾಡುವುದುಂಟು. ಉರಿ ಆರಿದೆಯೋ ಇಲ್ಲವೋ ಅಂತ ಇಎಸ್ಆರ್, ಸಿಆರ್‌ಪಿ ಅನ್ನೋ ರಕ್ತದ ಟೆಸ್ಟು ನೋಡುತ್ತಾರೆ, ಆದರೆ ಅವು ಸರಿ ಇದ್ದೂ ಒಳಗೆ ಉರಿ ಇರಬಹುದು. ಅದಕ್ಕೇ ಮತ್ತೆ ಮತ್ತೆ ಸ್ಕ್ಯಾನ್. ರಕ್ತದ ರಿಪೋರ್ಟು ಚೆನ್ನಾಗಿದೆ ಅಂತ ಸ್ಕ್ಯಾನ್ ತಪ್ಪಿಸಬೇಡಿ.

ಸ್ಟೀರಾಯ್ಡನ್ನು ಯಾವ ಕಾರಣಕ್ಕೂ ಒಮ್ಮೆಗೇ ನಿಲ್ಲಿಸಬಾರದು. ಮುಖ ಊದಿತು, ದಪ್ಪಗಾದೆ ಅಂತ ಹುಡುಗಿಯರು ನಿಲ್ಲಿಸಿಬಿಡುತ್ತಾರೆ, ಅಪಾಯ ಅದು. ಸಾಮಾನ್ಯವಾಗಿ ಜೊತೆಗೆ ಮೆಥೊಟ್ರೆಕ್ಸೇಟ್, ಅಜಥಯೋಪ್ರಿನ್, ಮೈಕೊಫಿನೊಲೇಟ್ ಇವುಗಳಲ್ಲಿ ಒಂದನ್ನು ಸೇರಿಸಿ ಸ್ಟೀರಾಯ್ಡನ್ನು ನಿಧಾನಕ್ಕೆ ಇಳಿಸುತ್ತಾರೆ. ಟೋಸಿಲಿಝುಮಾಬ್ ಅನ್ನೋ ಇಂಜೆಕ್ಷನ್ ಇದೆ, ದುಬಾರಿ, ಎಲ್ಲರಿಗೂ ಬೇಕಾಗಲ್ಲ. ಇವೆಲ್ಲ ದೇಹದ ರಕ್ಷಣೆಯನ್ನು ತಗ್ಗಿಸುವ ಔಷಧಿ, ಹಾಗಾಗಿ ಕ್ಷಯ ಇದೆಯಾ ಅಂತ ಮೊದಲು ನೋಡುತ್ತಾರೆ. ಮೇಷ್ಟ್ರು ಹೇಳಿದ ಹಾಗೆ ಕ್ಷಯ ಈ ಕಾಯಿಲೆಯ ಕಾರಣ ಅಂತಲ್ಲ, ಒಳಗೆ ಮಲಗಿದ್ದರೆ ಎದ್ದು ಬರಬಾರದು ಅಂತ.

ಬಿಪಿ ಮಾತ್ರೆಯಲ್ಲೂ ಒಂದು ಎಚ್ಚರ. ಹೆಸರಿನ ಕೊನೆಯಲ್ಲಿ ಪ್ರಿಲ್ ಅಥವಾ ಸಾರ್ಟನ್ ಅಂತ ಬರುವ ಮಾತ್ರೆಗಳಿವೆ. ಒಳ್ಳೆಯ ಮಾತ್ರೆಗಳೇ. ಆದರೆ ಎರಡೂ ಕಿಡ್ನಿಯ ನಾಳ ಸಣ್ಣಗಾಗಿದ್ದರೆ ಅವು ಕಿಡ್ನಿಯನ್ನೇ ಸೋಲಿಸಬಹುದು. ಶಿವಮೊಗ್ಗದಲ್ಲಿ ಬೇರೆ ಯಾರಾದರೂ ಬಿಪಿಗೆ ಮಾತ್ರೆ ಬದಲಿಸಿದರೆ ಆಂಜಿಯೋ ರಿಪೋರ್ಟು ತೋರಿಸಿಯೇ ತೆಗೆದುಕೊಳ್ಳಿ.

ಮದುವೆ ನಿಲ್ಲಿಸಬೇಕಾಗಿಲ್ಲ ಅಂತ ಅಪ್ಪಯ್ಯನಿಗೆ ಹೇಳಿ. ಮುಚ್ಚಿಡಬೇಡಿ, ಅಷ್ಟೇ. ತಕಾಯಾಸು ಇರುವ ಎಷ್ಟೋ ಹೆಣ್ಣುಮಕ್ಕಳು ತಾಯಿ ಆಗಿದ್ದಾರೆ. ಆದರೆ ಬಸಿರು ಮೊದಲೇ ಯೋಚಿಸಿ ಆಗಬೇಕು. ಕಾಯಿಲೆ ಆರಿರಬೇಕು, ಬಿಪಿ ಹಿಡಿತದಲ್ಲಿರಬೇಕು. ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್ ಮಗುವಿಗೆ ಆಗಿಬರಲ್ಲ, ತಿಂಗಳುಗಳ ಮೊದಲೇ ಬದಲಿಸಬೇಕು. ಪ್ರಿಲ್, ಸಾರ್ಟನ್ ಕೂಡ ಬಸಿರಿನಲ್ಲಿ ಬೇಡ. ನಮ್ಮ ಥರದ, ಕಿಡ್ನಿಯ ನಾಳ ಹಿಡಿದ ಕಾಯಿಲೆಯಲ್ಲಿ ಬಸಿರಿನ ಬಿಪಿಯೇ ದೊಡ್ಡ ಚಿಂತೆ, ಹಾಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಚಿಕ್ಕ ತಂಗಿಗೆ ಸ್ಕ್ಯಾನ್ ಬೇಡ. ಒಂದು ಸಲ ಎರಡೂ ಕೈಯಲ್ಲಿ ಬಿಪಿ ನೋಡಿಸಿ, ನಾಡಿ ಹಿಡಿದು ನೋಡಿಸಿ. ನಿಮ್ಮ ಮನಸ್ಸಿಗೂ ನೆಮ್ಮದಿ.

---

ಸಾಗರದ ಅಕ್ಕ:

ಅಡಿಕೆ ಈಗಲೂ ಸುಲಿಯುತ್ತೇನೆ ಅಂತ ಹೇಳು ಮಾರಾಯ. ಮೊದಲಿನಷ್ಟು ಡಬ್ಬ ಆಗಲ್ಲ. ಅರ್ಧ ಡಬ್ಬಕ್ಕೊಮ್ಮೆ ಎದ್ದು ಕೈ ಇಳಿಬಿಟ್ಟು ಅಂಗಳದಲ್ಲಿ ಎರಡು ಸುತ್ತು ಹಾಕುತ್ತೇನೆ. ಮಗಳ ಜಡೆಯೂ ನಾನೇ ಹಾಕುತ್ತೇನೆ, ಅವಳು ಕೆಳಗೆ ಕೂರುತ್ತಾಳೆ, ನಾನು ಮೇಲೆ ಕುರ್ಚಿಯಲ್ಲಿ, ಕೈ ಎತ್ತುವುದೇ ಬೇಡ.

ಮಾತ್ರೆಯ ಖರ್ಚಿನ ಬಗ್ಗೆ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುವ ಮಾತ್ರೆಗಳಿವೆ, ಚೀಟಿ ಹಿಡಿದುಕೊಂಡು ಹೋಗಿ ಕೇಳು. ಬಲೂನು ಹಾಕಿಸುವ ಮೊದಲು ಆಯುಷ್ಮಾನ್ ಕಾರ್ಡಿಗೆ ಬರುತ್ತದಾ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸು, ಆಮೇಲೆ ಓಡಾಡಬೇಡ.

ಮಳೆಗಾಲದಲ್ಲಿ ಮಣಿಪಾಲದ ತಾರೀಕು ಬಂದರೆ ಒಂದು ದಿನ ಮೊದಲೇ ಹೊರಡಿ. ಆಗುಂಬೆ ಘಾಟಿಯಲ್ಲಿ ಮಣ್ಣು ಕುಸಿದರೆ ಬಸ್ಸು ನಿಲ್ಲುತ್ತದೆ. ಮಾತ್ರೆ ಹದಿನೈದು ದಿನಕ್ಕೆ ಜಾಸ್ತಿಯೇ ಮನೆಯಲ್ಲಿ ಇರಲಿ.

---

ತೀರ್ಥಹಳ್ಳಿ ಅಣ್ಣ:

ನಿನ್ನೆ ಚಿಕ್ಕವಳನ್ನು ಕರೆದುಕೊಂಡು ಹೋಗಿದ್ದೆ. ಬಲಗೈ 112/70, ಎಡಗೈ 110/72. ನಾಡಿ ಎರಡೂ ಕಡೆ ಸಮ. ದೊಡ್ಡವಳದ್ದು ಈಗ ಮೂರು ಮಾತ್ರೆಯಲ್ಲಿ 146/92ಕ್ಕೆ ಇಳಿದಿದೆ, ಇನ್ನೂ ಇಳಿಯಬೇಕು ಅಂದಿದ್ದಾರೆ. ಮುಂದಿನ ಸ್ಕ್ಯಾನ್ ಮೂರು ತಿಂಗಳಿಗೆ.

ಫೈಲಿನ ಮೇಲೆ ಅವಳೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡಿದ್ದಾಳೆ. ಬಿಪಿ ಬಲಗೈಯಲ್ಲಿ ನೋಡಿ. ಎಡ ಕಿಡ್ನಿ ನಾಳ ಸಣ್ಣ. ಆಂಜಿಯೋ ಒಳಗೆ ಇದೆ.